ಕಟ್ಟಕಡೆಯ ಸವಾರ

ಮೋಟಾರ್ ಸೈಕಲ್ಲನ್ನು ಪ್ರೀತಿಸುವವರೆಲ್ಲರೂ ವೇಗವನ್ನೇ ಪ್ರೀತಿಸುವವರೆಂಬ ಜನಾಭಿಪ್ರಾಯಕ್ಕೆ, ಭಾನುವಾರದ ಮುಂಜಾವಿನಲ್ಲಿ ನಂದಿಬೆಟ್ಟದ ದಾರಿಯನ್ನು ಪಂದ್ಯದ ಕಣವೆಂದು ಬಗೆದು ಆರ್ಭಟಿಸುತ್ತ ನುಗ್ಗುವ ತರುಣರು ಈಚೆಗೆ ಸಾಕಷ್ಟು ಪುಷ್ಟಿಯನ್ನೊದಗಿಸಿರುವುದು ನಿಜವಾದರೂ, ಸವಾರಿಯ ಸುಖವನ್ನು ಬಲ್ಲವನು ಅದನ್ನು ಒಪ್ಪಲಾರನು. ಕೊಟ್ಟಿಗೆಹಾರದಲ್ಲಿ ಕೈಬೆರಳನ್ನು ಮರಗಟ್ಟಿಸಿದ ಮಂಜು, ಚಾರ್ಮಾಡಿಯ ತಿರುವುಗಳನ್ನೊಂದೊಂದಾಗಿ ಇಳಿದು ಉಜಿರೆಯನ್ನು ಸಮೀಪಿಸುವ ಹೊತ್ತಿಗೆ ಕರಾವಳಿಯ ಧಗೆಯಾಗಿ ಮಾರ್ಪಡುವುದನ್ನು ದ್ವಿಚಕ್ರದ ಮೇಲೆ ಕುಳಿತವನ ಮೈಚರ್ಮವೇ ಅರಿಯುತ್ತದೆ. ಗಾಜೇರಿಸಿದ ಕಾರಿನೊಳಗೆ ಕುಳಿತವನಿಗೆ ಆ ಭಾಗ್ಯವಿಲ್ಲ. ಈ ಸುಖಕ್ಕೆ ಮಂದಗತಿಯೇ ಮಿತ್ರ.

ಈ ಸುಖವನ್ನು ಹತ್ತಾರು ಮಂದಿ ಕೂಡಿ ಅನುಭವಿಸುವ ಕ್ರಮವೊಂದು ನಮ್ಮ ನಾಡಿನಲ್ಲಿ ಬೆಳೆದುದಕ್ಕೆ ಮೈಸೂರಿನ ಋಣವು ದೊಡ್ಡದು. ಜೆಕೊಸ್ಲೊವಾಕಿಯದ ಜಾವಾ ಯಂತ್ರಗಳನ್ನು ಇಲ್ಲಿಯೇ ನಿರ್ಮಿಸಬೇಕೆಂಬ ಫಾರೂಕ್ ಇರಾನಿಯವರ ಸಂಕಲ್ಪಕ್ಕೆ ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹವೂ ಸೇರಿ, 1960ರ ದಶಕದ ಆರಂಭದಲ್ಲಿ ಯಾದವಗಿರಿಯಲ್ಲಿ ತಲೆಯೆತ್ತಿದ ಐಡಿಯಲ್ ಜಾವಾ ಕಾರ್ಖಾನೆಯು, ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ ತನ್ನ ಬಂಡಿಗಳನ್ನು ದೇಶದಲ್ಲೆಲ್ಲ ಹರಡಿ, 1996ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆ ಮುಚ್ಚಿದರೂ ಬಂಡಿಗಳು ನಿಲ್ಲಲಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ದಿನವೆಂದು ಆಚರಿಸುವ ಅಭಿಮಾನಿಗಳು ಇಂದಿಗೂ ಅವನ್ನು ಒರೆಸಿ ತೊಳೆದು ಬೀದಿಗೆ ತರುತ್ತಾರೆ.

ಆ ಹಳೆಯ ಯಂತ್ರಗಳ ದೌರ್ಬಲ್ಯವೇ ಅವುಗಳ ಒಡೆಯರಿಗೆ ಸಹಯಾನದ ಧರ್ಮವನ್ನು ಕಲಿಸಿತೆಂದು ನನ್ನ ನಂಬಿಕೆ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ಲಗ್ಗಿಗೆ ಮಸಿ ಕಟ್ಟುವುದು ಸಹಜ. ಏರಿನ ನಡುವೆ ಬಂಡಿ ಕೆಮ್ಮಿ ನಿಂತಿತೆಂದರೆ ಉಳಿದವರೆಲ್ಲ ದಾರಿಯ ಬದಿಗೆ ಸರಿದು ನಿಲ್ಲುವರು. ಒಬ್ಬನು ಸ್ಪ್ಯಾನರ್ ಹಾಕಿ ಪ್ಲಗ್ಗನ್ನು ಬಿಚ್ಚುವನು, ಇನ್ನೊಬ್ಬನು ಅದರ ತುದಿಯನ್ನು ಉಪ್ಪುಕಾಗದದಿಂದ ಉಜ್ಜಿ, ಬಾಯಿಂದ ಊದಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಿಡಿಯುವನು, ಮೂರನೆಯವನು ಕಿಕ್ಕರ್ ಒದೆಯುವನು. ನೀಲಿಯ ಕಿಡಿಯೊಂದು ಚಿಮ್ಮಿದೊಡನೆ ಸುತ್ತ ನಿಂತವರ ಮುಖವೆಲ್ಲ ಅರಳುವುದು. ಗೆದ್ದವರೂ ಸೋತವರೂ ಇಲ್ಲದ ಅಂತಹ ಸಂತೋಷವು ಬೇರೆ ಯಾವ ಕ್ರೀಡೆಯಲ್ಲಿ ಲಭ್ಯವೋ ನಾನರಿಯೆ.

ಇಂದಿನ ಯಂತ್ರಗಳು ಹಾಗೆ ಕೆಡುವುದಿಲ್ಲ. ಅದು ಇಂಜಿನಿಯರುಗಳ ಸಾಧನೆಯೇ ಸರಿ; ಆದರೆ ನಿಲ್ಲಲೇಬೇಕಾದ ಅನಿವಾರ್ಯತೆ ತಪ್ಪಿದ ಮೇಲೆ, ಒಂದೇ ಬಣ್ಣದ ಜಾಕೆಟ್ಟು ತೊಟ್ಟು ಒಟ್ಟಿಗೆ ಹೊರಟವರು ಮೊದಲ ಟೋಲ್‌ಗೇಟ್ ದಾಟುವಷ್ಟರಲ್ಲಿ ಒಬ್ಬರನ್ನೊಬ್ಬರು ಮರೆತು ಓಡುವುದನ್ನೂ, ಹಿಂದುಳಿದ ಹೊಸಬನು ನಾಚಿಕೆಯಿಂದ ತನ್ನ ಶಕ್ತಿಮೀರಿ ಥ್ರಾಟಲ್ ತಿರುಗಿಸಿ ತಿರುವಿನಲ್ಲಿ ಜಾರುವುದನ್ನೂ ಕಾಣುತ್ತಿದ್ದೇವೆ. ಒಳ್ಳೆಯ ತಂಡಗಳು ಇದಕ್ಕೆ ಪರಿಹಾರವನ್ನು ಬಲ್ಲವು. ಅಲ್ಲಿ ಹೊಸಬನಿಗೆ ಮುಂದಾಳುವಿನ ಬೆನ್ನ ಹಿಂದೆಯೇ ಸ್ಥಾನ. ಒಂದು ಬಂಡಿ ಬಲಕ್ಕಾದರೆ ಮುಂದಿನದು ಎಡಕ್ಕೆ, ಒಂದೇ ಬದಿಯ ಬಂಡಿಗಳ ನಡುವೆ ಎರಡು ಸೆಕೆಂಡಿನ ಅಂತರ. ದಾರಿ ಕವಲೊಡೆಯುವಲ್ಲಿ ಹಿಂದಿನವನು ಕನ್ನಡಿಯಲ್ಲಿ ಕಾಣುವವರೆಗೆ ಯಾರೂ ತಿರುಗುವುದಿಲ್ಲ. ಎಲ್ಲರಿಗಿಂತ ನುರಿತವನು, ಪಂಕ್ಚರ್ ಸಾಮಗ್ರಿಯನ್ನೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನೂ ಹೊತ್ತು, ಸ್ವೀಪ್ ಎಂದು ಕರೆಯಿಸಿಕೊಂಡು ಕಟ್ಟಕಡೆಗೆ ಬರುವನು. ಮುಂದೆ ಹೋಗಬಲ್ಲವನು ಹಿಂದೆ ಬರಲೊಪ್ಪುವ ಈ ಪದ್ಧತಿಯನ್ನು ನಾನು ಮನಸಾರೆ ಗೌರವಿಸುತ್ತೇನೆ.

ಇನ್ನು ಶಬ್ದದ ಮಾತು. ಕಂಪನಿಯವರು ಕೊಟ್ಟ ಸೈಲೆನ್ಸರನ್ನು ಕಿತ್ತೆಸೆದು ಗುಡುಗುವ ಕೊಳವೆಯನ್ನು ಹಾಕಿಸಿದ ಹತ್ತು ಬಂಡಿಗಳು ಸಾಲಾಗಿ ಮಲೆನಾಡಿನ ಊರೊಂದನ್ನು ಹಾದುಹೋದರೆ, ಕಟ್ಟಿದ ದನವು ಬೆದರಿ ಹಗ್ಗ ಜಗ್ಗುತ್ತದೆ, ತೊಟ್ಟಿಲ ಕೂಸು ಎದ್ದು ಅಳುತ್ತದೆ. ಕಾನೂನು ಇದನ್ನು ನಿಷೇಧಿಸಿರುವುದಾದರೂ ಪೊಲೀಸರು ಪ್ರತಿಯೊಂದು ಘಟ್ಟದ ತುದಿಯಲ್ಲಿ ನಿಲ್ಲಲಾರರು. ಹೆಲ್ಮೆಟ್ಟಿಲ್ಲದವನನ್ನು ಸೇರಿಸಿಕೊಳ್ಳದಿರುವ ತಂಡಗಳು, ಅಂತಹ ಕೊಳವೆಯ ಬಂಡಿಯನ್ನೂ ಹೊರಡುವ ಸ್ಥಳದಲ್ಲಿಯೇ ತಡೆದು, ಅದರ ಒಡೆಯನು ಎಷ್ಟೇ ಆಪ್ತನಾಗಿರಲಿ, ಮನೆಗೆ ಕಳುಹಿಸತಕ್ಕದ್ದು.