ವಿಮಾನಕ್ಕೆ ಕಾಯಬೇಕೇ, ಕಾರು ಹಿಡಿಯಬೇಕೇ?

ಉಬ್ರಾಣಿಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮನೆಯ ಹಿರಿಯರು ರಾತ್ರಿ ತೀರಿಕೊಂಡಿದ್ದಾರೆ. ದುಬೈಯಲ್ಲಿರುವ ಮಗ ಸಿಕ್ಕಿದ ವಿಮಾನ ಹತ್ತಿ ಬೆಂಗಳೂರಿಗೆ ಹೊರಟಿದ್ದಾನೆ. ಮಗ ಬಂದು ತಂದೆಯ ಮುಖ ನೋಡಲಿ ಎಂಬುದು ತಾಯಿಯ ಆಸೆ. ದಫನವನ್ನು ತಡ ಮಾಡುವುದು ಸರಿಯಲ್ಲ ಎಂಬುದು ಹಿರಿಯರ ಮಾತು. "ಈಗ ಶಿವಮೊಗ್ಗಕ್ಕೇ ವಿಮಾನ ಇದೆಯಲ್ಲ, ಒಂದು ಗಂಟೆಯಲ್ಲಿ ಬಂದುಬಿಡ್ತಾನೆ" ಎನ್ನುತ್ತಾರೆ ಒಬ್ಬರು. "ಕಾರೇ ವಾಸಿ" ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಸರಿ?

ಮೊದಲು ದೂರ ನೋಡೋಣ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಶಿವಮೊಗ್ಗದ ಸೋಗಾನೆಯಲ್ಲಿರುವ ಕುವೆಂಪು ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 240 ಕಿಲೋಮೀಟರ್. ಈ ಮಾರ್ಗದಲ್ಲಿ ವಿಮಾನ ಸಂಚಾರ ಆರಂಭವಾದದ್ದು 2023ರ ಆಗಸ್ಟ್ 31ರಂದು, ರೆಕ್ಕೆಯ ಮೇಲೆ ಫ್ಯಾನು ತಿರುಗುವ ಎಟಿಆರ್ ವಿಮಾನದಿಂದ. ಅದರ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ಭಾಗಾಕಾರ ಮಾಡಿದರೆ ಅರ್ಧ ಗಂಟೆ. ಆದರೆ ಅಂದಿನ ವೇಳಾಪಟ್ಟಿಯಲ್ಲಿದ್ದದ್ದು ಬೆಳಿಗ್ಗೆ 9.50ಕ್ಕೆ ಹೊರಟು 11.05ಕ್ಕೆ ತಲುಪುವುದು. ಅಂದರೆ 75 ನಿಮಿಷ!

ಉಳಿದ ಮುಕ್ಕಾಲು ಗಂಟೆ ಎಲ್ಲಿ ಹೋಯಿತು? ವೇಳಾಪಟ್ಟಿಯ ಲೆಕ್ಕ ವಿಮಾನ ನಿಂತ ಜಾಗದಿಂದ ಕದಲಿದಾಗ ಶುರುವಾಗಿ, ಅಲ್ಲಿ ಹೋಗಿ ನಿಂತಾಗ ಮುಗಿಯುತ್ತದೆ. ರನ್‌ವೇವರೆಗೆ ಸಾಗಬೇಕು, ಸರದಿಗೆ ಕಾಯಬೇಕು. ಏರುವಾಗಲೂ ಇಳಿಯುವಾಗಲೂ ಪೂರ್ಣ ವೇಗ ಇರುವುದಿಲ್ಲ. ಗಾಳಿಯ ದಿಕ್ಕು ನೋಡಿ ಸುತ್ತು ಹಾಕಿ ಇಳಿಯಬೇಕಾಗಬಹುದು. ತಡವಾದೀತೆಂದು ಕೆಲವು ನಿಮಿಷ ಹೆಚ್ಚಿಗೆ ಸೇರಿಸಿರುತ್ತಾರೆ. ಹತ್ತಿರದ ಊರಿಗೆ ಈ ಖರ್ಚೇ ಹೆಚ್ಚು.

ಈಗ ಮಗನ ಲೆಕ್ಕ. ಅವನು ನಸುಕಿನ ನಾಲ್ಕಕ್ಕೆ ಬೆಂಗಳೂರಿನಲ್ಲಿ ಇಳಿದ ಎನ್ನೋಣ. ಪಾಸ್‌ಪೋರ್ಟ್ ತಪಾಸಣೆ ಮುಗಿಸಿ ಹೊರಬರಲು ಒಂದು ಗಂಟೆ. ಐದಕ್ಕೆ ಕಾರು ಹತ್ತಿದರೆ ಐದಾರು ಗಂಟೆಯ ಹಾದಿ. ಹನ್ನೊಂದರ ಒಳಗೆ ಮನೆ. 9.50ರ ವಿಮಾನಕ್ಕೆ ಕಾದರೆ ಶಿವಮೊಗ್ಗ ತಲುಪುವುದೇ 11.05ಕ್ಕೆ. ಅಲ್ಲಿಂದ ಉಬ್ರಾಣಿಯ ರಸ್ತೆ ಬೇರೆ. ಕಾರೇ ಗೆದ್ದಿತು.

ಅದೇ ಮಗ ಏಳಕ್ಕೆ ಇಳಿದಿದ್ದರೆ? ಎಂಟಕ್ಕೆ ಕಾರು ಹತ್ತಿದರೂ ಮನೆ ಸೇರುವಾಗ ಮಧ್ಯಾಹ್ನ ಒಂದೂವರೆ, ಎರಡು. ವಿಮಾನದಲ್ಲಿ ಬಂದರೆ ಅದಕ್ಕಿಂತ ಮೊದಲೇ ತಲುಪಬಹುದು. ಆದರೆ ಟಿಕೆಟು ಮೊದಲೇ ಸಿಕ್ಕಿರಬೇಕು. ಲಗೇಜು ಪಡೆದು, ಟರ್ಮಿನಲ್ ಬೇರೆಯಾಗಿದ್ದರೆ ಅಲ್ಲಿಗೆ ಹೋಗಿ, ಕೌಂಟರ್ ಮುಚ್ಚುವ ಮೊದಲು ತಲುಪಬೇಕು. ಕೈಚೀಲವೊಂದೇ ಇದ್ದರೆ ಎಷ್ಟೋ ಹಗುರ.

ಆದ್ದರಿಂದ ಇಬ್ಬರ ಮಾತೂ ಸರಿಯೇ. ನಿರ್ಧರಿಸುವುದು ಹಾರಾಟದ ಸಮಯವಲ್ಲ, ಎರಡು ವಿಮಾನಗಳ ನಡುವಿನ ಕಾಯುವಿಕೆ. ಮೇಲೆ ಹೇಳಿದ ವೇಳೆ ಆರಂಭದ ದಿನಗಳದ್ದು. ಹೊರಡುವ ದಿನದ ವೇಳೆಯನ್ನು ವಿಚಾರಿಸಿಕೊಳ್ಳಿ. ಮಳೆಗಾಲವಾದರೆ ಮಲೆನಾಡಿನ ಮೋಡ, ಮಂಜನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇಂತಹ ಹೊತ್ತಿನಲ್ಲಿ ಹತ್ತು ಜನ ಹತ್ತು ಸಲಹೆ ಕೊಟ್ಟು ದಾರಿಯಲ್ಲಿರುವವನನ್ನು ಗೊಂದಲಕ್ಕೆ ತಳ್ಳಬೇಡಿ. ಮನೆಯಲ್ಲಿ ಒಬ್ಬರು ಮಾತ್ರ ಫೋನು ಹಿಡಿಯಲಿ. ಬಾಗಿಲಿಂದ ಬಾಗಿಲಿಗೆ ಲೆಕ್ಕ ಹಾಕಿ ತಾಯಿಗೆ ನಿಜವಾದ ವೇಳೆಯನ್ನೇ ಹೇಳಲಿ. "ಒಂದು ಗಂಟೆಯಲ್ಲಿ ಬರ್ತಾನೆ" ಎಂಬ ಸುಳ್ಳು ಸಮಾಧಾನ ಆಕೆಗೆ ಬೇಡ. ನಿಜವಾದ ವೇಳೆ ತಿಳಿದರೆ ಕಾಯುವುದೋ ಬೇಡವೋ ಎಂಬುದನ್ನು ಮನೆಯವರೆಲ್ಲ ಕೂಡಿ ನೆಮ್ಮದಿಯಿಂದ ತೀರ್ಮಾನಿಸಬಹುದು.