‘ಊಟ ಆಯ್ತು’ ಎಂಬ ಮರೆ

ಕನ್ನಡಿಗರ ಕುಶಲಪ್ರಶ್ನೆ ಊಟದಿಂದಲೇ ಆರಂಭವಾಗುತ್ತದೆ. ‘ಊಟ ಆಯ್ತಾ?’ ಎಂದರೆ ‘ಆಯ್ತು’ ಎನ್ನುವುದು ಸೌಜನ್ಯ. ಆ ಉತ್ತರವನ್ನು ಯಾರೂ ಪರೀಕ್ಷಿಸುವುದಿಲ್ಲ. ಊಟವನ್ನೇ ತೊರೆದ ಹದಿಹರೆಯದವರಿಗೆ ಇದಕ್ಕಿಂತ ಸುಲಭವಾದ ಮರೆ ಇನ್ನೊಂದಿಲ್ಲ.

2025ರ ಮಾರ್ಚ್‌ನಲ್ಲಿ, ಕಾಸರಗೋಡಿಗೆ ತಾಗಿದ ಕಣ್ಣೂರು ಜಿಲ್ಲೆಯ 18 ವರ್ಷದ ವಿದ್ಯಾರ್ಥಿನಿಯೊಬ್ಬಳು ತಿಂಗಳುಗಟ್ಟಲೆ ಆಹಾರ ಬಿಟ್ಟು ತೀರಿಕೊಂಡಳು. ದಪ್ಪಗಾಗುವ ಭಯ, ಅಂತರ್ಜಾಲದ ಆಹಾರಕ್ರಮ ಎಂದು ಪತ್ರಿಕೆಗಳು ಬರೆದವು. ನಮ್ಮಲ್ಲಿ ಅನೇಕರು ಯೂಟ್ಯೂಬನ್ನು ಬೈದು ಪುಟ ತಿರುಗಿಸಿದೆವು. ಯೂಟ್ಯೂಬ್ ನಿರಪರಾಧಿಯಲ್ಲ, ನಿಜ. ಆದರೆ ಲಂಡನ್ನಿನ ವೈದ್ಯ ವಿಲಿಯಂ ಗಲ್ ಈ ಕಾಯಿಲೆಗೆ ‘ಅನೊರೆಕ್ಸಿಯಾ ನರ್ವೋಸಾ’ ಎಂದು ಹೆಸರಿಟ್ಟದ್ದು 1870ರ ದಶಕದಲ್ಲಿ. ಆಗ ಸಿನಿಮಾ ಕೂಡ ಹುಟ್ಟಿರಲಿಲ್ಲ. ಪರದೆಯದು ಬೆಂಕಿಗೆ ಗಾಳಿ ಹಾಕುವ ಕೆಲಸ. ಮೈತುಂಬಿಕೊಂಡಿರುವುದನ್ನೇ ಚೆಲುವೆಂದು ಭಾವಿಸಿದ್ದ ಫಿಜಿ ದ್ವೀಪದ ನಡ್ರೋಗಾ ಪ್ರಾಂತ್ಯಕ್ಕೆ 1995ರಲ್ಲಿ ಟಿ.ವಿ. ಬಂತು. ಆಹಾರದ ಬಗ್ಗೆ ವಿಕೃತ ಭಾವನೆಯುಳ್ಳ ಶಾಲಾ ಬಾಲಕಿಯರ ಪ್ರಮಾಣ ಶೇ. 13ರಷ್ಟಿದ್ದುದು ಮೂರೇ ವರ್ಷಗಳಲ್ಲಿ ಶೇ. 29ಕ್ಕೆ ಏರಿದುದನ್ನು ಆನ್ ಬೆಕರ್ ಅವರ ಅಧ್ಯಯನ ದಾಖಲಿಸಿದೆ.

ಪುಣೆಯ ನಮ್ಮ ಮನೆಗಳಲ್ಲಿ ಮರೆ ಇನ್ನೂ ದಟ್ಟ. ಊರಿನಿಂದ ತಂದ ಏಕಾದಶಿ, ಶನಿವಾರಗಳ ಜೊತೆ ಇಲ್ಲಿನ ಉಪವಾಸಗಳೂ ಸೇರಿಕೊಂಡಿವೆ. (ಸಾಬೂದಾಣಾ ಖಿಚಡಿಯನ್ನು ಎರಡೆರಡು ಬಾರಿ ಹಾಕಿಸಿಕೊಳ್ಳುವ ನಮ್ಮಂಥ ವ್ರತನಿಷ್ಠರಿಗೇನೂ ಭಯವಿಲ್ಲ.) ಹದಿನೈದರ ಹುಡುಗಿ ತಾನಾಗಿಯೇ ವಾರಕ್ಕೆರಡು ಉಪವಾಸ ಹಿಡಿದರೆ ಅಜ್ಜಿ ಹಿಗ್ಗುತ್ತಾರೆ, ಒಪ್ಪತ್ತು ಉಂಡವನನ್ನು ಯೋಗಿಯೆಂದ ಗಾದೆ ನಮ್ಮದು. ವ್ರತದವಳು ಮರುದಿನ ಪಾರಣೆಗೆ ನೆಮ್ಮದಿಯಿಂದ ಕೂರುತ್ತಾಳೆ, ರೋಗದವಳು ಪಾರಣೆಗೂ ನೆಪ ಹುಡುಕುತ್ತಾಳೆ. ನೋಡಬೇಕಾದದ್ದು ಇದನ್ನು. ಹುಡುಗರಲ್ಲಿ ಇದೇ ಕಾಯಿಲೆ ಜಿಮ್ಮಿನ ವೇಷ ತೊಟ್ಟು ಬರಬಲ್ಲದು. ಅದಕ್ಕೆ ಶಿಸ್ತು ಎಂಬ ಹೆಸರಿಟ್ಟು ಮೆಚ್ಚುತ್ತೇವೆ.

‘ಹಠ, ಹಸಿವಾದರೆ ತಾನೇ ತಿಂತಾಳೆ’ ಎನ್ನುವುದು ಹಿರಿಯರ ತೀರ್ಪು. 1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್, ಸ್ವಇಚ್ಛೆಯಿಂದ ಬಂದ 36 ಆರೋಗ್ಯವಂತ ತರುಣರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿರಿಸಿದರು. ಅವರಲ್ಲಿ ಹಲವರು ಖಿನ್ನರಾದರು, ಸಿಡುಕರಾದರು, ಗೆಳೆಯರಿಂದ ದೂರವಾದರು. ಕೆಲವರಂತೂ ಅಡುಗೆ ಪುಸ್ತಕಗಳನ್ನು ಗ್ರಂಥಪಾರಾಯಣದಂತೆ ಓದತೊಡಗಿದರು. ಹಸಿವೇ ಮನಸ್ಸನ್ನು ಬಾಗಿಸುತ್ತದೆಂದ ಮೇಲೆ, ಬೈಗುಳದಿಂದಲೋ ದೇವರ ಆಣೆಯಿಂದಲೋ ಅದು ನೆಟ್ಟಗಾಗುವುದು ಹೇಗೆ? ವೈದ್ಯರು, ಮನೋವೈದ್ಯರು, ಆಹಾರತಜ್ಞರು ಕೂಡಿ ಮಾಡಬೇಕಾದ ಚಿಕಿತ್ಸೆಯಿದು. ಹೆತ್ತವರು ಪ್ರತಿ ಊಟಕ್ಕೂ ತಾಳ್ಮೆಯಿಂದ ಪಕ್ಕದಲ್ಲಿ ಕೂರುವುದೂ ಅದರ ಭಾಗ.

ನಮ್ಮ ಕೂಟಗಳ ಕುರಿತೂ ಒಂದು ಮಾತು. ರಾಜ್ಯೋತ್ಸವಕ್ಕೆ ಬಂದ ಮಕ್ಕಳನ್ನು ‘ಎಷ್ಟು ಊದಿದ್ದೀಯೇ!’, ‘ಸಣ್ಣಗಾಗಿ ಚೆನ್ನಾಗಿ ಕಾಣ್ತೀಯಾ’ ಎಂದು ಸ್ವಾಗತಿಸುವ ಪದ್ಧತಿಯನ್ನು ಸಲಿಗೆಯೆಂದು ಸಮರ್ಥಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಎರಡನೆಯ ಮಾತು ಮೊದಲನೆಯದಕ್ಕಿಂತ ಕೆಟ್ಟದ್ದು: ರೋಗಕ್ಕೇ ಬಹುಮಾನ ಕೊಟ್ಟಂತೆ.

ಮರಾಠಿ, ಇಂಗ್ಲಿಷಿನಲ್ಲಿ ಮನಸ್ಸು ಬಿಚ್ಚಲಾಗದ ತಾಯಂದಿರಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಉಚಿತ ಸಹಾಯವಾಣಿ ಟೆಲಿ-ಮಾನಸ್ ಇದೆ. ಸಂಖ್ಯೆ 14416, ಕನ್ನಡದಲ್ಲೂ ಮಾತನಾಡಬಹುದು. ಆದರೆ ಮಗು ತಲೆಸುತ್ತಿ ಬಿದ್ದರೆ, ಎದೆ ಬಡಿತ ಏರುಪೇರಾದರೆ ಫೋನಿಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು.