ಫಾರ್ಮಸಿ ವ್ಯಾಸಂಗದ ಅವಧಿಯಲ್ಲಿ ತಜ್ಞತಾ ಪ್ರಮಾಣಪತ್ರದ ಪರಿಚಯ: ಒಂದು ವಿಶ್ಲೇಷಣೆ

ಫಾರ್ಮಸಿಸ್ಟರನ್ನು ನಿರ್ದಿಷ್ಟ ಚಿಕಿತ್ಸಾ ಕ್ಷೇತ್ರದ ತಜ್ಞರೆಂದು ಪರೀಕ್ಷೆಯ ಮೂಲಕ ಮಾನ್ಯ ಮಾಡುವ ವ್ಯವಸ್ಥೆಯು ಅಮೆರಿಕದಲ್ಲಿ ಹಲವು ದಶಕಗಳಿಂದ ಜಾರಿಯಲ್ಲಿರುತ್ತದೆ. 1976ರಲ್ಲಿ ಸ್ಥಾಪನೆಯಾದ ಬೋರ್ಡ್ ಆಫ್ ಫಾರ್ಮಸಿ ಸ್ಪೆಷಾಲಿಟೀಸ್ ಸಂಸ್ಥೆಯು 1978ರಲ್ಲಿ ನ್ಯೂಕ್ಲಿಯರ್ ಫಾರ್ಮಸಿಯನ್ನು ಮೊದಲ ತಜ್ಞತಾ ವಿಭಾಗವಾಗಿ ಅಂಗೀಕರಿಸಿತು. ತದನಂತರ ಕ್ಯಾನ್ಸರ್, ಮನೋರೋಗ, ಮಕ್ಕಳ ಚಿಕಿತ್ಸೆ, ತೀವ್ರ ನಿಗಾ ಘಟಕ, ಸಾಂಕ್ರಾಮಿಕ ರೋಗ ಮುಂತಾದ ವಿಭಾಗಗಳು ಸೇರಿದವು. ಅಮೆರಿಕದ ಹೊರಗಿನ ಅರ್ಹ ಫಾರ್ಮಸಿಸ್ಟರಿಗೂ ಈ ಪರೀಕ್ಷೆಯು ಮುಕ್ತವಾಗಿರುವುದರಿಂದ ರಾಜ್ಯದ ವಿದ್ಯಾರ್ಥಿಗಳು ಮತ್ತು ಪೋಷಕರು ಇದರ ಸ್ವರೂಪವನ್ನು ಅರಿತಿರುವುದು ಅವಶ್ಯಕ.

ವ್ಯಾಸಂಗದಲ್ಲಿಯೇ ಪರಿಚಯ ಏಕೆ?

2008ರ ನಿಯಮಾವಳಿಯನ್ವಯ ಭಾರತದಲ್ಲಿ ಆರಂಭವಾದ ಫಾರ್ಮ್.ಡಿ. ಪದವಿಯು 6 ವರ್ಷಗಳದ್ದಾಗಿದ್ದು, ಕೊನೆಯ ವರ್ಷ ಇಂಟರ್ನ್‌ಶಿಪ್ ಆಗಿರುತ್ತದೆ. ಇದರಲ್ಲಿ 6 ತಿಂಗಳು ಸಾಮಾನ್ಯ ವೈದ್ಯಕೀಯ ವಿಭಾಗಕ್ಕೂ, ತಲಾ 2 ತಿಂಗಳು ಇತರ ಮೂರು ತಜ್ಞ ವಿಭಾಗಗಳಿಗೂ ಮೀಸಲು. ಯಾವ ಕ್ಷೇತ್ರದಲ್ಲಿ ಮುಂದುವರಿಯಬಹುದೆಂಬ ಅರಿವು ಮೊದಲೇ ಇದ್ದಲ್ಲಿ, ವಿದ್ಯಾರ್ಥಿಯು ಈ ವಿಭಾಗಗಳನ್ನು ಆಸಕ್ತಿಗೆ ಅನುಗುಣವಾಗಿ ಕೋರಲು ಸಾಧ್ಯವಾಗುತ್ತದೆ. ಪದವಿಯ ನಂತರ ತಿಳಿದುಬಂದರೆ ಆ ಅವಕಾಶವು ಕಳೆದುಹೋಗಿರುತ್ತದೆ.

ಗಮನಿಸಬೇಕಾದ ಮಿತಿಗಳು

1. ವಿದ್ಯಾರ್ಥಿ ದೆಸೆಯಲ್ಲಿ ಈ ಪ್ರಮಾಣಪತ್ರ ದೊರೆಯುವುದಿಲ್ಲ. ಪದವಿ, ಚಾಲ್ತಿಯಲ್ಲಿರುವ ವೃತ್ತಿ ನೋಂದಣಿ ಹಾಗೂ ವಿಭಾಗಕ್ಕೆ ಅನುಗುಣವಾಗಿ ನಿಗದಿತ ವೃತ್ತಿ ಅನುಭವ ಅಥವಾ ರೆಸಿಡೆನ್ಸಿ ತರಬೇತಿ ಹೊಂದಿರತಕ್ಕದ್ದು. ಪೂರ್ವಸಿದ್ಧತಾ ತರಗತಿಯ ಪ್ರಮಾಣಪತ್ರವು ಮಂಡಳಿಯ ಪ್ರಮಾಣಪತ್ರವಲ್ಲ.

2. ಇದು ನೋಂದಣಿಗೆ ಪರ್ಯಾಯವಲ್ಲ. 1948ರ ಫಾರ್ಮಸಿ ಕಾಯ್ದೆಯ 42ನೇ ಪ್ರಕರಣದ ಮೇರೆಗೆ ವೈದ್ಯರ ಚೀಟಿಯ ಔಷಧಗಳನ್ನು ನೋಂದಾಯಿತ ಫಾರ್ಮಸಿಸ್ಟರೇ ವಿತರಿಸಬೇಕು. ರಾಜ್ಯದಲ್ಲಿ ಈ ನೋಂದಣಿಯನ್ನು ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತು ನೀಡುತ್ತದೆ.

3. ಇದು ಅಮೆರಿಕದಲ್ಲಿ ವೃತ್ತಿ ನಡೆಸುವ ಪರವಾನಗಿಯೂ ಅಲ್ಲ. ವಿದೇಶಿ ಪದವೀಧರರ ಅರ್ಹತಾ ಪರಿಶೀಲನೆ ಅಲ್ಲಿ ಪ್ರತ್ಯೇಕವಾಗಿ ನಡೆಯುತ್ತದೆ. 2003ರ ಜನವರಿ 1ರಿಂದೀಚೆಗೆ ಪದವಿ ಪಡೆದವರಿಗೆ ಕನಿಷ್ಠ 5 ವರ್ಷಗಳ ಪಠ್ಯಕ್ರಮ ಕಡ್ಡಾಯವಾಗಿರುವುದರಿಂದ 4 ವರ್ಷಗಳ ಬಿ.ಫಾರ್ಮ್. ಪದವಿಯೊಂದೇ ಸಾಲದು.

4. ಪ್ರಮಾಣಪತ್ರದ ಅವಧಿ 7 ವರ್ಷಗಳು. ನಂತರ ಅದನ್ನು ನವೀಕರಿಸಿಕೊಳ್ಳಬೇಕಾಗುತ್ತದೆ.

ವಿಶ್ಲೇಷಣೆ

ಫಾರ್ಮಸಿ ಕಾಯ್ದೆಯಲ್ಲಿ ತಜ್ಞ ಫಾರ್ಮಸಿಸ್ಟರೆಂಬ ಪ್ರತ್ಯೇಕ ನೋಂದಣಿ ವರ್ಗವಿಲ್ಲ. ಆದ್ದರಿಂದ ಇಲ್ಲಿ ಈ ಪ್ರಮಾಣಪತ್ರಕ್ಕೆ ದೊರೆಯುವ ಹುದ್ದೆ, ವೇತನಗಳ ಮನ್ನಣೆಯು ನೇಮಕ ಮಾಡಿಕೊಳ್ಳುವ ಸಂಸ್ಥೆಯ ವಿವೇಚನೆಗೆ ಒಳಪಟ್ಟಿರುತ್ತದೆ. ಆದರೆ ಅದಕ್ಕಾಗಿ ಗಳಿಸುವ ಜ್ಞಾನವು ವ್ಯರ್ಥವಲ್ಲ. ಕ್ಯಾನ್ಸರ್ ಔಷಧದ ಪ್ರಮಾಣದಲ್ಲಿನ ದೋಷವನ್ನು ರೋಗಿಗೆ ನೀಡುವ ಮುನ್ನವೇ ಪತ್ತೆ ಹಚ್ಚಬಲ್ಲ ಫಾರ್ಮಸಿಸ್ಟರು ಯಾವ ಆಸ್ಪತ್ರೆಗಾದರೂ ಅಗತ್ಯ. ಆದಕಾರಣ ಕಾಲೇಜುಗಳು ಈ ವಿಷಯವನ್ನು ಉದ್ಯೋಗದ ಭರವಸೆಯಾಗಿ ಅಲ್ಲದೆ, ವೃತ್ತಿಮಾರ್ಗದ ಮಾಹಿತಿಯಾಗಿ ಪರಿಚಯಿಸುವುದು ಸೂಕ್ತ.

ಅರ್ಜಿದಾರರ ಗಮನಕ್ಕೆ

ಪದವಿ ಪೂರ್ಣಗೊಂಡ ಕೂಡಲೇ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು, ಅದನ್ನು ಚಾಲ್ತಿಯಲ್ಲಿಡತಕ್ಕದ್ದು. ಸೇವಾ ಅನುಭವದ ಪತ್ರಗಳನ್ನು ಆಯಾ ಆಸ್ಪತ್ರೆಯಿಂದ ಸಕಾಲದಲ್ಲಿ ಪಡೆದು ಜೋಪಾನವಾಗಿರಿಸಿಕೊಳ್ಳಬೇಕು. ಯಾವುದೇ ತರಬೇತಿಗೆ ಶುಲ್ಕ ಪಾವತಿಸುವ ಮುನ್ನ ಅರ್ಹತಾ ಷರತ್ತುಗಳನ್ನು ಪರೀಕ್ಷಾ ಮಂಡಳಿಯ ಅಧಿಕೃತ ಪ್ರಕಟಣೆಯಲ್ಲಿ ಖಚಿತಪಡಿಸಿಕೊಳ್ಳುವುದು ಸೂಕ್ತ.